ನೆರಳು ಅಳೆದು ಬಿಸಿಲು ಕಾಯಿಸಿ: ದಾವಣಗೆರೆ, ಚಿತ್ರದುರ್ಗದವರಿಗೆ ಸಮಗ್ರ ಮಾರ್ಗದರ್ಶಿ

ಚಳ್ಳಕೆರೆ, ಮೊಳಕಾಲ್ಮುರು, ಜಗಳೂರು ಸೀಮೆಯಲ್ಲಿ ಮಳೆಗೆ ಬರ ಬರಬಹುದು, ಬಿಸಿಲಿಗೆ ಎಂದೂ ಬರವಿಲ್ಲ. ಆದರೂ ರಕ್ತ ಪರೀಕ್ಷೆ ಮಾಡಿಸಿದವರ ಕೈಗೆ ‘ವಿಟಮಿನ್ ಡಿ ಕಡಿಮೆ’ ಎಂಬ ವರದಿ ಬರುವುದು ಇಲ್ಲಿ ಮಾಮೂಲಾಗಿದೆ. ಅದೇ ಊರಿನಲ್ಲಿ ದಿನವಿಡೀ ಹೊಲದಲ್ಲಿ ದುಡಿಯುವವರ ಕೆನ್ನೆಯ ಮೇಲೆ ಬಂಗು, ಕಣ್ಣಿನ ಬಿಳಿಭಾಗದ ಮೇಲೆ ಮಾಂಸದ ಪೊರೆ, ಏಪ್ರಿಲ್ ಬಂತೆಂದರೆ ತಲೆಸುತ್ತು. ಒಂದೇ ಸೂರ್ಯನ ಕೆಳಗೆ ಕೆಲವರಿಗೆ ಬಿಸಿಲು ಸಾಲುತ್ತಿಲ್ಲ, ಕೆಲವರಿಗೆ ಮಿತಿಮೀರಿದೆ. ಯಾವ ಹೊತ್ತಿನ ಬಿಸಿಲು, ಎಷ್ಟು ನಿಮಿಷ, ಮೈಯ ಎಷ್ಟು ಭಾಗಕ್ಕೆ ಎನ್ನುವ ಲೆಕ್ಕ ತಪ್ಪುತ್ತಿರುವುದೇ ಇದಕ್ಕೆ ಕಾರಣ. ಆ ಲೆಕ್ಕವನ್ನು ನಮ್ಮ ಎರಡು ಜಿಲ್ಲೆಗಳ ಸೂರ್ಯನಿಗೆ ಹೊಂದಿಸಿ ಇಲ್ಲಿ ಕೊಡುತ್ತಿದ್ದೇವೆ.

ಮೊದಲು ಒಂದು ನಂಬಿಕೆಯನ್ನು ಸರಿಪಡಿಸಿಕೊಳ್ಳಬೇಕು. ಬೆಳಿಗ್ಗೆ 7ರ ಎಳೆಬಿಸಿಲಿನಲ್ಲಿ ಕೂತರೆ ವಿಟಮಿನ್ ಡಿ ಸಿಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಎಳೆಬಿಸಿಲಿನಿಂದ ಬೇರೆ ಲಾಭ ಇದೆ, ಅದನ್ನು ಮುಂದೆ ಹೇಳುತ್ತೇವೆ. ಆದರೆ ವಿಟಮಿನ್ ಡಿ ವಿಷಯದಲ್ಲಿ ಅದರಿಂದ ಸಿಗುವುದು ಇಲ್ಲವೆನ್ನುವಷ್ಟು ಕಡಿಮೆ.

ಬಿಸಿಲಿನಲ್ಲಿ ಏನೇನಿದೆ

ಬಿಸಿಲು ಎಂದರೆ ಒಂದೇ ವಸ್ತುವಲ್ಲ. ಕಣ್ಣಿಗೆ ಕಾಣುವ ಬೆಳಕು, ಮೈಗೆ ತಾಗುವ ಶಾಖ, ಇವೆರಡರ ಜೊತೆ ಕಣ್ಣಿಗೂ ಕಾಣದ, ಮೈಗೂ ತಿಳಿಯದ ನೇರಳಾತೀತ ಕಿರಣಗಳು ಇರುತ್ತವೆ. ಭೂಮಿಗೆ ತಲುಪುವ ನೇರಳಾತೀತದಲ್ಲಿ ಎರಡು ಬಗೆ. 280ರಿಂದ 315 ನ್ಯಾನೋಮೀಟರ್ ಅಲೆಯುದ್ದದ್ದು ಯುವಿ-ಬಿ. 315ರಿಂದ 400ರವರೆಗಿನದು ಯುವಿ-ಎ.

ವಿಟಮಿನ್ ಡಿ ತಯಾರಾಗುವುದು ಯುವಿ-ಬಿಯಿಂದ ಮಾತ್ರ. ಚರ್ಮದಲ್ಲಿರುವ 7-ಡಿಹೈಡ್ರೋಕೊಲೆಸ್ಟ್ರಾಲ್ ಎಂಬ ವಸ್ತುವಿಗೆ ಈ ಕಿರಣ ಬಿದ್ದಾಗ ಅದು ಡಿ3ಯ ಮೊದಲ ರೂಪಕ್ಕೆ ತಿರುಗುತ್ತದೆ. ಆಮೇಲೆ ಯಕೃತ್ತಿನಲ್ಲಿ ಒಮ್ಮೆ, ಮೂತ್ರಪಿಂಡದಲ್ಲಿ ಇನ್ನೊಮ್ಮೆ ಬದಲಾಗಿ ದೇಹಕ್ಕೆ ಉಪಯೋಗವಾಗುವ ರೂಪ ಪಡೆಯುತ್ತದೆ. ತಿಂದ ಆಹಾರದ ಸುಣ್ಣದಂಶ ಕರುಳಿನಿಂದ ರಕ್ತಕ್ಕೆ ಚೆನ್ನಾಗಿ ಹೋಗಲು, ಮೂಳೆ ಗಟ್ಟಿಯಾಗಲು, ತೊಡೆ ಸೊಂಟದ ಸ್ನಾಯುಗಳಿಗೆ ಬಲ ಬರಲು ಇದು ಬೇಕು. ಚರ್ಮ ಕೆಂಪಾಗಿ ಸುಡುವುದೂ ಮುಖ್ಯವಾಗಿ ಇದೇ ಯುವಿ-ಬಿಯಿಂದ.

ಯುವಿ-ಎ ಚರ್ಮದೊಳಗೆ ಇನ್ನೂ ಆಳಕ್ಕೆ ಇಳಿಯುತ್ತದೆ. ಸುಕ್ಕು, ಕಪ್ಪು ಕಲೆ, ಬಂಗಿನಲ್ಲಿ ಅದರ ಕೈವಾಡ ಹೆಚ್ಚು. ಅದು ಬೆಳಿಗ್ಗೆಯಿಂದ ಸಂಜೆಯವರೆಗೂ ಇರುತ್ತದೆ, ಕಿಟಕಿಯ ಗಾಜನ್ನೂ ದಾಟುತ್ತದೆ. ಯುವಿ-ಬಿ ಹಾಗಲ್ಲ. ಸೂರ್ಯ ಓರೆಯಾಗಿದ್ದಾಗ ಕಿರಣ ವಾತಾವರಣದಲ್ಲಿ ದೂರ ಸಾಗಿ ಬರಬೇಕು, ದಾರಿಯಲ್ಲಿ ಓಝೋನ್ ಪದರ ಯುವಿ-ಬಿಯನ್ನು ಹೀರಿಬಿಡುತ್ತದೆ. ಗಾಜೂ ಅದನ್ನು ತಡೆಯುತ್ತದೆ. ಆದ್ದರಿಂದ ಗಾಜು ಮುಚ್ಚಿದ ಕಿಟಕಿಯ ಪಕ್ಕ, ಕಾರಿನೊಳಗೆ, ಗಾಜಿನ ಬಾಗಿಲಿನ ಅಂಗಡಿಯಲ್ಲಿ ಎಷ್ಟು ಹೊತ್ತು ಬಿಸಿಲಿಗೆ ಕೂತರೂ ಕಲೆ ಬರುತ್ತದೆ, ವಿಟಮಿನ್ ಬರುವುದಿಲ್ಲ.

ನೆರಳೇ ಮಾಪಕ

ಹೊತ್ತನ್ನು ತಿಳಿಯಲು ಯಂತ್ರ ಬೇಡ. ಸಮತಟ್ಟಾದ ಜಾಗದಲ್ಲಿ ನೆಟ್ಟಗೆ ನಿಂತು ನಿಮ್ಮ ನೆರಳು ನೋಡಿ. ನೆರಳು ನಿಮಗಿಂತ ಉದ್ದವಿದ್ದರೆ ಸೂರ್ಯ 45 ಡಿಗ್ರಿಗಿಂತ ಕೆಳಗಿದ್ದಾನೆ, ಯುವಿ-ಬಿ ಕಡಿಮೆ. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾದ ಕ್ಷಣದಿಂದ ವಿಟಮಿನ್ ಡಿ ಚೆನ್ನಾಗಿ ತಯಾರಾಗುತ್ತದೆ. ನೆರಳು ನಿಮ್ಮ ಅರ್ಧ ಎತ್ತರಕ್ಕೂ ಕಡಿಮೆಯಾದರೆ ಕಿರಣ ಬಹಳ ಖಡಕ್ಕಾಗಿದೆ ಎಂದು ತಿಳಿದು ನಿಮಿಷಗಳನ್ನು ಇಳಿಸಬೇಕು. ನಿಮ್ಮ ಎತ್ತರದ ಕೋಲೊಂದನ್ನು ನೆಲದ ಮೇಲೆ ಮಲಗಿಸಿ ನೆರಳಿಗೆ ಹೋಲಿಸಿದರೆ ಅಳತೆ ಇನ್ನೂ ಸಲೀಸು.

ದಾವಣಗೆರೆ, ಚಿತ್ರದುರ್ಗ ಎರಡೂ ಸುಮಾರು ಉತ್ತರ ಅಕ್ಷಾಂಶ 14 ಡಿಗ್ರಿ ದಾಟಿದ ಜಾಗದಲ್ಲಿವೆ. ಇದರಿಂದ ನಮಗೊಂದು ದೊಡ್ಡ ಅನುಕೂಲ. ಉತ್ತರ ಯುರೋಪಿನವರಿಗೆ ಚಳಿಗಾಲದ ತಿಂಗಳುಗಳಲ್ಲಿ ಬಿಸಿಲಿನಿಂದ ವಿಟಮಿನ್ ಡಿ ಸಿಗುವುದೇ ಇಲ್ಲ. ನಮ್ಮಲ್ಲಿ ಡಿಸೆಂಬರ್ 21ರ ನಡುಹಗಲಿನಲ್ಲೂ ಸೂರ್ಯ ಸುಮಾರು 52 ಡಿಗ್ರಿ ಎತ್ತರದಲ್ಲಿರುತ್ತಾನೆ, ನೆರಳು ನಮಗಿಂತ ಗಿಡ್ಡವಾಗಿಯೇ ಇರುತ್ತದೆ. ಹೆಚ್ಚುಕಡಿಮೆ ಇದೇ ಅಕ್ಷಾಂಶದ ತಿರುಪತಿಯಲ್ಲಿ ನಡೆದ ಅಧ್ಯಯನದಲ್ಲೂ ವರ್ಷವಿಡೀ ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರ ನಡುವೆ ವಿಟಮಿನ್ ಡಿ ತಯಾರಿಕೆ ಹೆಚ್ಚೆಂದು ಕಂಡಿದೆ.

ಇನ್ನೊಂದು ಸೂಕ್ಷ್ಮ. ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ 12ಕ್ಕಲ್ಲ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವಿರುವುದು 76ರ ಆಸುಪಾಸಿನಲ್ಲಿ. ಹಾಗಾಗಿ ನಿಜವಾದ ನಡುಹಗಲು ನವೆಂಬರ್ ಆರಂಭದಲ್ಲಿ ಸುಮಾರು 12.10ಕ್ಕೆ, ಫೆಬ್ರುವರಿಯಲ್ಲಿ 12.40ಕ್ಕೆ, ಉಳಿದಂತೆ ಈ ಎರಡರ ನಡುವೆ ಬರುತ್ತದೆ. ಮಧ್ಯಾಹ್ನ 1 ಗಂಟೆಗೆ ‘ಸೂರ್ಯ ಇಳಿದ’ ಎಂದುಕೊಂಡು ಹೊರಗೆ ಹೊರಡುವವರು ಇದನ್ನು ನೆನಪಿಡಬೇಕು.

ಈ ಲೆಕ್ಕವನ್ನು ಎರಡು ತುದಿಯ ತಿಂಗಳುಗಳಿಗೆ ಹಾಕಿ ನೋಡಿ. ಡಿಸೆಂಬರ್ ಕೊನೆಯಲ್ಲಿ ನೆರಳು ನಮಗಿಂತ ಗಿಡ್ಡವಾಗಿರುವುದು ಸುಮಾರು 10.45ರಿಂದ 2ರವರೆಗೆ ಮಾತ್ರ. ಏಪ್ರಿಲ್ ಕೊನೆಯಲ್ಲಿ ಬೆಳಿಗ್ಗೆ 9.20ಕ್ಕೇ ಗಿಡ್ಡವಾಗಿ, ಮಧ್ಯಾಹ್ನ 3.30ರವರೆಗೂ ಹಾಗೇ ಇರುತ್ತದೆ. ಆ ವಾರದಲ್ಲಿ, ಮತ್ತೆ ಆಗಸ್ಟ್ ಮಧ್ಯದ ಹೊತ್ತಿಗೆ, ಸೂರ್ಯ ನೇರ ನೆತ್ತಿಯ ಮೇಲೆ ಬಂದು ನೆಟ್ಟ ಕಂಬದ ನೆರಳು ನಡುಹಗಲಿನಲ್ಲಿ ಮಾಯವಾಗುತ್ತದೆ. ಮೋಡವಿಲ್ಲದ ಅಂಥ ಮಧ್ಯಾಹ್ನ ಯುವಿ ಸೂಚ್ಯಂಕ, ಅಂದರೆ ನೇರಳಾತೀತ ಎಷ್ಟು ಜೋರಿದೆ ಎಂದು ಹೇಳುವ ಅಂಕಿ, 11 ದಾಟುತ್ತದೆ. ಅದು ಮಾಪನದ ಕೊನೆಯ, ‘ತೀವ್ರ’ ಎನ್ನುವ ಹಂತ.

ಇದರಿಂದ ತಿಳಿಯುವುದೇನೆಂದರೆ ಬೇಸಿಗೆಯಲ್ಲಿ ವಿಟಮಿನ್ ಡಿಗಾಗಿ ರಣಬಿಸಿಲಿನಲ್ಲಿ ನಿಲ್ಲುವ ಅಗತ್ಯವೇ ಇಲ್ಲ. ಮಾರ್ಚ್ ಕೊನೆಯಿಂದ ಮೇವರೆಗೆ ಬೆಳಿಗ್ಗೆ 9.30ರಿಂದ 10.15ರೊಳಗೆ, ಝಳ ಏರುವ ಮೊದಲೇ ಕೆಲಸ ಮುಗಿಸಬಹುದು. ನಡುಹಗಲಿನ ಬಿಸಿಲು ಬೇಕಾಗುವುದು ನವೆಂಬರ್‌ನಿಂದ ಜನವರಿವರೆಗೆ. ಆಗ ಅದು ಮೈಗೆ ಹಿತವಾಗಿಯೂ ಇರುತ್ತದೆ.

ಬಿಸಿಲು ಕಾಯಿಸುವ ಕ್ರಮ

1. ಜಾಗ ಆರಿಸಿ. ಮನೆಯ ಮಾಳಿಗೆ, ಅಂಗಳ, ಕಾಲೇಜಿನ ಮೈದಾನ ಯಾವುದಾದರೂ ಸರಿ. ತಲೆಯ ಮೇಲೆ ಆಕಾಶ ತೆರೆದಿರಬೇಕು, ನಡುವೆ ಗಾಜು ಅಥವಾ ಪ್ಲಾಸ್ಟಿಕ್ ಶೀಟು ಇರಬಾರದು. ಸುಣ್ಣ ಅಥವಾ ಬಿಳಿ ಕೂಲ್ ಪೇಂಟ್ ಬಳಿದ ಮಾಳಿಗೆ ಬೆಳಕನ್ನು ಕಣ್ಣಿಗೆ ಎರಚುತ್ತದೆ, ಅಲ್ಲಿ ಚಾಪೆ ಹಾಸಿಕೊಂಡು ಬೆನ್ನು ಸೂರ್ಯನ ಕಡೆ ಮಾಡಿ ಕೂರಿ.

2. ಮೈಯ ಕಾಲು ಭಾಗವಾದರೂ ಬಿಚ್ಚಿರಲಿ. ಮೊಣಕೈಗಿಂತ ಮೇಲಿನವರೆಗೆ ಎರಡೂ ತೋಳು, ಮೊಣಕಾಲಿನಿಂದ ಕೆಳಗೆ ಎರಡೂ ಕಾಲು, ಸಾಧ್ಯವಾದರೆ ಬೆನ್ನು. ಬರೀ ಮುಖ ಮತ್ತು ಅಂಗೈ ಮೈಯ ಹತ್ತರಲ್ಲಿ ಒಂದು ಪಾಲೂ ಆಗುವುದಿಲ್ಲ. ಮುಖವನ್ನಂತೂ ಈ ಲೆಕ್ಕದಿಂದ ಬಿಟ್ಟೇಬಿಡಿ. ಅದು ದಿನವಿಡೀ ಬಿಸಿಲು ಕಾಣುವ ಜಾಗ, ಕಲೆ ಬೀಳುವುದೂ ಅಲ್ಲೇ. ಟೋಪಿಯಿಂದಲೋ ಟವೆಲ್‌ನಿಂದಲೋ ಮುಖ, ಕಣ್ಣು ಮುಚ್ಚಿ.

3. ನಿಮಿಷ ಹಾಕಿಕೊಳ್ಳಿ. ನಮ್ಮ ಕಡೆಯ ಸಾಮಾನ್ಯ ಗೋಧಿ, ಕಂದು ಬಣ್ಣದ ಚರ್ಮಕ್ಕೆ ನೆರಳು ಈಗಷ್ಟೇ ನಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ 20ರಿಂದ 25 ನಿಮಿಷ, ನೆರಳು ಅರ್ಧಕ್ಕಿಂತ ಗಿಡ್ಡವಿದ್ದರೆ 10ರಿಂದ 15 ನಿಮಿಷ ಸಾಕು. ಬಣ್ಣ ತುಂಬ ಗಾಢವಿದ್ದವರಿಗೆ ಇದರ ಒಂದೂವರೆ ಪಟ್ಟು ಬೇಕು, ಏಕೆಂದರೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಯುವಿ-ಬಿಯನ್ನೂ ತಡೆಯುತ್ತದೆ. ತಿಳಿ ಬಣ್ಣದವರು ಅರ್ಧಕ್ಕೆ ಇಳಿಸಿ.

4. ಮೊದಲ ವಾರ 10 ನಿಮಿಷದಿಂದಲೇ ಶುರು ಮಾಡಿ, ವಾರಕ್ಕೆ 5 ನಿಮಿಷದಂತೆ ಏರಿಸಿ. ಅರ್ಧ ಹೊತ್ತು ಮುಂಭಾಗ, ಅರ್ಧ ಹೊತ್ತು ಹಿಂಭಾಗ.

5. ವಾರಕ್ಕೆ 3ರಿಂದ 4 ದಿನ ಸಾಕು. ವಿಟಮಿನ್ ಡಿ ಕೊಬ್ಬಿನಲ್ಲಿ ಕೂಡಿಟ್ಟುಕೊಳ್ಳುವಂಥದ್ದು. ಆದರೆ ಆರು ದಿನ ಬಿಟ್ಟು ಭಾನುವಾರ ಎರಡು ಗಂಟೆ ಒಟ್ಟಿಗೆ ಕೂತರೆ ಲೆಕ್ಕ ಸರಿಹೋಗುವುದಿಲ್ಲ. ಒಂದು ಮಿತಿ ದಾಟಿದ ಮೇಲೆ ಚರ್ಮ ಹೆಚ್ಚುವರಿ ಡಿಯನ್ನು ಉಪಯೋಗಕ್ಕೆ ಬಾರದ ಬೇರೆ ವಸ್ತುಗಳಾಗಿ ಒಡೆದುಹಾಕುತ್ತದೆ. ಆಮೇಲೆ ಸಿಗುವುದು ಸುಟ್ಟ ಚರ್ಮ ಮಾತ್ರ. ಬಿಸಿಲಿನಿಂದ ವಿಟಮಿನ್ ಡಿ ವಿಷವಾಗದಿರುವುದಕ್ಕೂ ಇದೇ ಕಾರಣ.

6. ಚರ್ಮ ಚುರುಗುಟ್ಟಿದರೆ, ಕೆಂಪು ಅಥವಾ ಬಿಸಿ ಅನ್ನಿಸಿದರೆ ನಿಮಿಷ ಮುಗಿಯದಿದ್ದರೂ ಎದ್ದುಬಿಡಿ. ಕಂದು ಚರ್ಮದಲ್ಲಿ ಕೆಂಪು ಕಾಣುವುದು ತಡ, ಆದ್ದರಿಂದ ಮುಟ್ಟಿ ನೋಡುವುದು ಉತ್ತಮ. ಮರುದಿನ ಬೆಳಿಗ್ಗೆ ಉರಿ ಉಳಿದಿದ್ದರೆ ಮುಂದಿನ ಸಲ ಹೊತ್ತನ್ನು ಅರ್ಧ ಮಾಡಿ.

ಆಮೇಲೆ ಸ್ನಾನ ಮಾಡಬಹುದೇ ಎಂಬ ಪ್ರಶ್ನೆ ಪದೇಪದೇ ಬರುತ್ತದೆ. ಮಾಡಬಹುದು. ಡಿ ತಯಾರಾಗುವುದು ಜೀವಂತ ಚರ್ಮದ ಪದರದೊಳಗೆ, ಸೋಪಿಗೆ ತೊಳೆದುಹೋಗುವ ಜಾಗದಲ್ಲಲ್ಲ.

ಇಷ್ಟು ಮಾಡಿದರೂ ಫಲ ಸಿಗದಿರಲು ಕೆಲವು ಕಾರಣಗಳಿವೆ. ವಯಸ್ಸಾದಂತೆ ಚರ್ಮದಲ್ಲಿ ಆ ಮೂಲವಸ್ತುವೇ ಕಡಿಮೆಯಾಗುತ್ತದೆ, 70 ದಾಟಿದ ಅಜ್ಜ ಅಜ್ಜಿಯರಿಗೆ ಬಿಸಿಲೊಂದೇ ಸಾಲದು. ಮೈಕೊಬ್ಬು ಹೆಚ್ಚಿದ್ದರೆ ತಯಾರಾದ ಡಿ ಅಲ್ಲೇ ಉಳಿದು ರಕ್ತಕ್ಕೆ ಕಡಿಮೆ ಬರುತ್ತದೆ. ಮಳೆಗಾಲದ ದಪ್ಪ ಮೋಡ ಕಿರಣವನ್ನು ಅರ್ಧಕ್ಕಿಂತ ಹೆಚ್ಚು ತಡೆಯಬಲ್ಲದು, ಹೊನ್ನಾಳಿ, ಚನ್ನಗಿರಿ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಸರಿದ ಹೊತ್ತು ನೋಡಿ ಹೊರಬರಬೇಕು. ತೆಳು ಬಿಳಿ ಮೋಡವನ್ನು ಮಾತ್ರ ನಂಬಬೇಡಿ, ಅದರ ಮೂಲಕ ಬಹುಪಾಲು ನೇರಳಾತೀತ ಇಳಿದುಬರುತ್ತದೆ. ಗಾಳಿಯ ಮೋಸ ಇನ್ನೂ ದೊಡ್ಡದು. ಚಿತ್ರದುರ್ಗದ ಗುಡ್ಡಗಳಲ್ಲಿ ಗಾಳಿಯಂತ್ರ ನಿಲ್ಲಿಸಿರುವುದೇ ಅಲ್ಲಿ ಗಾಳಿ ಜೋರೆಂದು. ಆ ಗಾಳಿಗೆ ಮೈ ತಣ್ಣಗಿರುತ್ತದೆ, ಸೆಕೆ ಗೊತ್ತಾಗುವುದಿಲ್ಲ, ಚರ್ಮ ಸುಡುವುದು ಮಾತ್ರ ಹಾಗೇ ನಡೆದಿರುತ್ತದೆ.

ಈ ಕ್ರಮ ಯಾರಿಗೆ ಹೆಚ್ಚು ಬೇಕು? ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಕಾರರಿಗೆ, ಮಗ್ಗದ ಮುಂದೆಯೇ ಅವರ ಹಗಲು ಕಳೆಯುತ್ತದೆ. ರಾತ್ರಿ ಪಾಳಿಯವರಿಗೆ, ಅಂಗಡಿ ಗಲ್ಲಾದಲ್ಲಿ ಕೂರುವವರಿಗೆ, ದಾವಣಗೆರೆಯ ಹಾಸ್ಟೆಲ್‌ಗಳಲ್ಲಿ ಓದುತ್ತಾ ಕೋಣೆ ಬಿಟ್ಟು ಹೊರಬಾರದ ಹುಡುಗ ಹುಡುಗಿಯರಿಗೆ, ಮೈ ಪೂರ್ತಿ ಮುಚ್ಚುವ ಉಡುಪಿನ ಹೆಣ್ಣುಮಕ್ಕಳಿಗೆ. ಮಾಳಿಗೆಯ ಸುತ್ತ ಎರಡು ಹಳೆ ಸೀರೆ ಅಡ್ಡ ಕಟ್ಟಿದರೆ ಮೇಲಿನ ಆಕಾಶ ತೆರೆದಿರುತ್ತದೆ, ಅಕ್ಕಪಕ್ಕದವರ ಕಣ್ಣೂ ಬೀಳುವುದಿಲ್ಲ. ಹೊಲದಲ್ಲಿ, ಕಣದಲ್ಲಿ, ಕಟ್ಟಡದ ಕೆಲಸದಲ್ಲಿ ತೋಳು ಬಿಚ್ಚಿ ದುಡಿಯುವವರಿಗೆ ಇದು ಬೇಕಿಲ್ಲ. ಅವರು ಓದಬೇಕಾದ್ದು ಮುಂದಿನ ರಕ್ಷಣೆಯ ಭಾಗ.

ಎಳೆಬಿಸಿಲಿನ ಕೆಲಸ

ನಮ್ಮ ನಿದ್ದೆ ಎಚ್ಚರದ ಗಡಿಯಾರ ಮೆದುಳಿನಲ್ಲಿದೆ, ಅದಕ್ಕೆ ಕೀಲಿ ಕೊಡುವುದು ಬೆಳಗಿನ ಬೆಳಕು. ಬೆಳಕನ್ನು ಅಳೆಯುವುದು ಲಕ್ಸ್ ಲೆಕ್ಕದಲ್ಲಿ. ಮನೆಯೊಳಗಿನ ದೀಪದ ಬೆಳಕು 100ರಿಂದ 500 ಲಕ್ಸ್ ಇದ್ದರೆ ಹೆಚ್ಚು. ಹೊರಗೆ ಮರದ ನೆರಳಿನಲ್ಲೇ ಸಾವಿರಾರು ಲಕ್ಸ್ ಇರುತ್ತದೆ. ಎದ್ದ ಒಂದು ಗಂಟೆಯೊಳಗೆ 20ರಿಂದ 30 ನಿಮಿಷ ಹೊರಗೆ ನಡೆದರೆ ರಾತ್ರಿ ನಿದ್ದೆ ಹೊತ್ತಿಗೆ ಸರಿಯಾಗಿ ಬರುತ್ತದೆ, ಮನಸ್ಸಿನ ಮಂಕೂ ಇಳಿಯುತ್ತದೆ. ಇಲ್ಲಿ ಬೇಕಾದ್ದು ಕಣ್ಣಿಗೆ ಬೀಳುವ ಬಯಲಿನ ಬೆಳಕು, ಸೂರ್ಯನನ್ನು ದಿಟ್ಟಿಸುವುದಲ್ಲ. ಸೂರ್ಯನಮಸ್ಕಾರ ಮಾಡುವವರು, ರಥಸಪ್ತಮಿಯಂದು ಅರ್ಘ್ಯ ಕೊಡುವವರು ಕಣ್ಣು ಮುಚ್ಚಿ ಅಥವಾ ತಗ್ಗಿಸಿ ಮಾಡಿ. ಸೂರ್ಯನನ್ನೇ ನೋಡುವ ಅಭ್ಯಾಸದಿಂದ ಅಕ್ಷಿಪಟದ ನಡುಭಾಗ ಸುಡುತ್ತದೆ, ನೋವೇ ಆಗುವುದಿಲ್ಲ, ದೃಷ್ಟಿಯ ನಡುವೆ ಮಸುಕು ಉಳಿದುಬಿಡಬಹುದು.

ಶಾಲೆಯ ಮಕ್ಕಳಿಗೆ ಇನ್ನೊಂದು ಲಾಭ. ದಿನಕ್ಕೆ ಸುಮಾರು 2 ಗಂಟೆ ಬಯಲಿನ ಬೆಳಕಿನಲ್ಲಿ ಇರುವ ಮಕ್ಕಳಲ್ಲಿ ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕಾಗಿ ಕಾಣುವ ತೊಂದರೆ ಶುರುವಾಗುವುದು ಕಡಿಮೆ. ಬಿಸಿಲಿನಲ್ಲೇ ಓಡಬೇಕೆಂದಿಲ್ಲ, ಮರದಡಿಯ ಆಟವೂ ಲೆಕ್ಕಕ್ಕೆ ಬರುತ್ತದೆ.

ಎದೆಹಾಲಿನ ಕೂಸುಗಳು

ಕೂಸಿಗೆ ಎಣ್ಣೆ ಹಚ್ಚಿ ಎಳೆಬಿಸಿಲಿನಲ್ಲಿ ಕಾಲ ಮೇಲೆ ಮಲಗಿಸಿಕೊಳ್ಳುವ ರೂಢಿ ಮುದ್ದಿನದು. 7ರಿಂದ 8ರೊಳಗೆ ಹತ್ತು ನಿಮಿಷ ಮಾಡಿದರೆ ಹಾನಿಯಿಲ್ಲ. ಅದರಿಂದ ವಿಟಮಿನ್ ಡಿ ಸಿಕ್ಕಿತೆಂದು ಮಾತ್ರ ಲೆಕ್ಕ ಹಿಡಿಯಬೇಡಿ. ಎದೆಹಾಲಿನಲ್ಲಿ ಡಿ ಬಹಳ ಕಡಿಮೆ, ಅದಕ್ಕೇ ಹುಟ್ಟಿದ ಮೊದಲ ದಿನಗಳಿಂದ ವರ್ಷ ತುಂಬುವವರೆಗೆ ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ಹನಿ ಕೊಡುವಂತೆ ಮಕ್ಕಳ ವೈದ್ಯರು ಹೇಳುವುದು. ಬಾಟಲಿ ಮೇಲೆ 1 ಮಿ.ಲೀ.ಗೆ 400 ಎಂದಿದೆಯೋ 800 ಎಂದಿದೆಯೋ ಓದಿ. 800 ಇದ್ದರೆ ಅರ್ಧ ಮಿ.ಲೀ. ಮಾತ್ರ. ಅಂಗಡಿಯವರು ಬೇರೆ ಬಾಟಲಿ ಕೊಟ್ಟಾಗ ಹಳೆಯ ಅಳತೆಯಲ್ಲೇ ಕೊಡುತ್ತಾ ಹೋಗುವುದರಿಂದ ಎರಡು ಪಟ್ಟು ಆಗಿಬಿಡುತ್ತದೆ.

ಕಾಮಾಲೆ ಬಂದ ಹಸುಗೂಸನ್ನು ಬಿಸಿಲಿಗೆ ಹಿಡಿದು ದಿನ ತಳ್ಳಬೇಡಿ. ಆಸ್ಪತ್ರೆಯಲ್ಲಿ ಕೊಡುವುದು 460ರಿಂದ 490 ನ್ಯಾನೋಮೀಟರಿನ ನೀಲಿ ಬೆಳಕು, ಅದಕ್ಕೆ ಅಳತೆ ಇದೆ. ಹುಟ್ಟಿದ 24 ಗಂಟೆಯೊಳಗೆ ಹಳದಿಯಾದರೆ, ಅಂಗೈ ಅಂಗಾಲಿಗೂ ಹಳದಿ ಇಳಿದರೆ, ಕೂಸು ಹಾಲು ಬಿಟ್ಟು ಮಂಕಾಗಿ ಮಲಗಿದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೊರಡಿ. ತಡವಾದರೆ ಮೆದುಳಿಗೆ ಏಟು ಬೀಳುತ್ತದೆ.

ಯಾರು ಬಿಸಿಲು ಕಾಯಿಸಬಾರದು

ದೇಹದ ರಕ್ಷಣಾ ಶಕ್ತಿ ತನ್ನ ಮೈಮೇಲೆಯೇ ತಿರುಗಿಬೀಳುವ ಲೂಪಸ್ ಕಾಯಿಲೆ ಇರುವವರು, ಹುಟ್ಟಿನಿಂದಲೇ ಮೈಗೆ, ಕೂದಲಿಗೆ, ಕಣ್ಣಿಗೆ ಬಣ್ಣವಿಲ್ಲದವರು ಮೇಲಿನ ಕ್ರಮ ಅನುಸರಿಸಬಾರದು. ಬಣ್ಣವಿಲ್ಲದ ಚರ್ಮದಲ್ಲಿ ಬಿಸಿಲಿನಿಂದ ಚರ್ಮದ ಕ್ಯಾನ್ಸರ್ ಚಿಕ್ಕ ವಯಸ್ಸಿನಲ್ಲೇ ಬರುತ್ತದೆ, ಅಂಥ ಮಕ್ಕಳಿಗೆ ಶಾಲೆಯ ಪ್ರಾರ್ಥನೆ ಸಾಲಿನಲ್ಲೂ ನೆರಳು, ತುಂಬುತೋಳು, ಟೋಪಿ ಬೇಕೇ ಬೇಕು. ತೊನ್ನಿನ ಬಿಳಿ ಮಚ್ಚೆಗಳೂ ಬೇಗ ಸುಡುತ್ತವೆ. ತೊನ್ನಿಗೆ ಆಸ್ಪತ್ರೆಯಲ್ಲಿ 311 ನ್ಯಾನೋಮೀಟರಿನ ಯುವಿ-ಬಿ ಚಿಕಿತ್ಸೆ ಕೊಡುವುದುಂಟು, ಅದು ಸೆಕೆಂಡುಗಳ ಲೆಕ್ಕದಲ್ಲಿ ನಡೆಯುವಂಥದ್ದು. ಮನೆಯಲ್ಲಿ ಬಾವಂಚಿ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂತರೆ ಅದರಲ್ಲಿರುವ ಸೊರಾಲೆನ್ ಯುವಿ-ಎ ಜೊತೆ ಸೇರಿ ದೊಡ್ಡ ಬೊಬ್ಬೆ ಎಬ್ಬಿಸುತ್ತದೆ.

ನಿಂಬೆರಸವೂ ಅದೇ ಜಾತಿ. ಮುಖ ಬೆಳ್ಳಗಾಗಲೆಂದು ನಿಂಬೆಹಣ್ಣು ಉಜ್ಜಿಕೊಂಡು ಹೊರಗೆ ಹೋದರೆ ಒಂದೆರಡು ದಿನದಲ್ಲಿ ಉರಿ, ಬೊಬ್ಬೆ, ಆಮೇಲೆ ತಿಂಗಳುಗಟ್ಟಲೆ ಉಳಿಯುವ ಕಪ್ಪು. ಜಾತ್ರೆ, ಮದುವೆಯಲ್ಲಿ ಪಾನಕ ಮಾಡುವವರು ಕೈ ತೊಳೆದೇ ಬಿಸಿಲಿಗೆ ಹೋಗಿ.

ಕೆಲವು ಔಷಧಿಗಳೂ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತವೆ. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್, ಬಿಪಿಗೆ ಕೊಡುವ ಹೈಡ್ರೊಕ್ಲೋರೊಥಯಾಝೈಡ್, ಹೃದಯಕ್ಕೆ ಕೊಡುವ ಅಮಿಯೊಡರೋನ್, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಕೀಲುನೋವಿಗೆ ಹಚ್ಚುವ ಕೀಟೊಪ್ರೊಫೆನ್ ಜೆಲ್ ಇವುಗಳಲ್ಲಿ ಮುಖ್ಯ. ಮಾತ್ರೆ ನೀವೇ ನಿಲ್ಲಿಸಬೇಡಿ, ಬಿಸಿಲಿಗೆ ಹೋಗಬಹುದೇ ಎಂದು ಬರೆದುಕೊಟ್ಟ ವೈದ್ಯರನ್ನು ಕೇಳಿ.

ನಮ್ಮ ಕಡೆ ‘ಬಿಸಿಲಿನ ಅಲರ್ಜಿ’ ಎಂದುಕೊಳ್ಳುವ ಎಷ್ಟೋ ತುರಿಕೆಯ ಹಿಂದೆ ಕಾಂಗ್ರೆಸ್ ಗಿಡ ಇರುತ್ತದೆ. ಪಾರ್ಥೇನಿಯಂನ ಒಣ ಪುಡಿ ಗಾಳಿಯಲ್ಲಿ ಬಂದು ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ಕೂರುತ್ತದೆ. ಗುರುತಿಸುವುದು ಹೀಗೆ: ಬರೀ ಬಿಸಿಲಿನ ತೊಂದರೆಯಾದರೆ ಗದ್ದದ ಕೆಳಗೆ, ಕಿವಿಯ ಹಿಂದೆ, ರೆಪ್ಪೆಯ ಮೇಲೆ ಚರ್ಮ ಚೆನ್ನಾಗಿರುತ್ತದೆ, ಏಕೆಂದರೆ ಅಲ್ಲಿ ನೆರಳು. ಗಾಳಿಯ ಅಲರ್ಜಿಯಾದರೆ ಆ ಜಾಗಗಳೂ ಬಿಡುವುದಿಲ್ಲ. ವರ್ಷಗಳು ಕಳೆದಂತೆ ಒಂದು ಇನ್ನೊಂದಾಗಿ ಬೆಳೆಯುವುದೂ ಉಂಟು, ಆಗ ನಿಜವಾಗಿ ಬಿಸಿಲೇ ಆಗದಂತಾಗುತ್ತದೆ. ಬೇಗ ಚರ್ಮರೋಗ ವೈದ್ಯರಿಗೆ ತೋರಿಸಿ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ ಅಥವಾ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಗಿಡ ಕೀಳುವಾಗ ಕೈಗವಸು, ಬಾಯಿಗೆ ಬಟ್ಟೆ ಇರಲಿ. ಕಿತ್ತದ್ದನ್ನು ಹೂ ಬಿಡುವ ಮೊದಲೇ ಗುಂಡಿಗೆ ಹಾಕಿ, ಸುಡಬೇಡಿ.

ಹೊರಗೆ ದುಡಿಯುವವರ ರಕ್ಷಣೆ

ಬಟ್ಟೆಯೇ ಮೊದಲ ರಕ್ಷಣೆ. ಬೆಳಕಿಗೆ ಹಿಡಿದಾಗ ಆಚೆಯದು ಕಾಣುವಂಥ ತೆಳು ಬಿಳಿ ಹತ್ತಿ ನೇರಳಾತೀತವನ್ನು ಅಷ್ಟಾಗಿ ತಡೆಯುವುದಿಲ್ಲ, ಒದ್ದೆಯಾದರೆ ಇನ್ನೂ ಕಡಿಮೆ. ಒತ್ತು ನೇಯ್ಗೆಯ, ಸಡಿಲವಾದ, ತುಂಬುತೋಳಿನ ಅಂಗಿ ಒಳ್ಳೆಯದು. ತಲೆಗೆ ಸುತ್ತಿದ ಟವೆಲ್ ನೆತ್ತಿ ಕಾಯುತ್ತದೆ, ಕಿವಿ ಮತ್ತು ಕುತ್ತಿಗೆಯನ್ನು ಕಾಯುವುದಿಲ್ಲ. ಸುತ್ತಲೂ ಮೂರು ಬೆರಳಿಗಿಂತ ಅಗಲದ ಅಂಚಿರುವ ಟೋಪಿ, ಇಲ್ಲವೇ ಟವೆಲ್‌ನ ಒಂದು ತುದಿ ಹಿಂದೆ ಇಳಿಬಿಟ್ಟರೆ ಸರಿ.

ಸನ್‌ಸ್ಕ್ರೀನ್ ಕೊಳ್ಳುವಾಗ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ್ದು, ಯುವಿ-ಎಯನ್ನೂ ತಡೆಯುವ ಪಿಎ+++ ಗುರುತಿನದು ನೋಡಿ. ಎಸ್‌ಪಿಎಫ್ 30 ಸುಮಾರು 97 ಶೇಕಡಾ ಯುವಿ-ಬಿ ತಡೆದರೆ 50 ತಡೆಯುವುದು 98, ಅಷ್ಟು ಸಣ್ಣ ವ್ಯತ್ಯಾಸಕ್ಕೆ ದುಪ್ಪಟ್ಟು ದುಡ್ಡು ಕೊಡುವ ಅಗತ್ಯವಿಲ್ಲ. ಕೆಡುವುದೆಲ್ಲ ಅಳತೆಯಲ್ಲಿ. ಮುಖ ಕುತ್ತಿಗೆಗೆ ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಎಳೆದಷ್ಟು ಬೇಕು. ಕಡಲೆಕಾಳಿನಷ್ಟು ಹಚ್ಚಿದರೆ 30 ಎಂದು ಬರೆದದ್ದು 10ರ ಕೆಲಸವನ್ನೂ ಮಾಡುವುದಿಲ್ಲ. ಹೊರಡುವ 15ರಿಂದ 20 ನಿಮಿಷ ಮೊದಲು ಹಚ್ಚಿ, ಬೆವರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಬಂಗು ಇರುವವರಿಗೆ ಮೈಬಣ್ಣದ, ಐರನ್ ಆಕ್ಸೈಡ್ ಇರುವ ಕ್ರೀಮ್ ಮೇಲು, ಕಾಣುವ ಬೆಳಕೂ ಬಂಗನ್ನು ಕೆರಳಿಸುತ್ತದೆ. ಕೊಬ್ಬರಿ ಎಣ್ಣೆ ಸನ್‌ಸ್ಕ್ರೀನ್ ಅಲ್ಲ.

ಬಂಗಿಗೆಂದು ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ತರುವ ಸ್ಟೀರಾಯ್ಡ್ ಬೆರೆತ ಕ್ರೀಮ್‌ಗಳ ಬಗ್ಗೆ ಗಟ್ಟಿಯಾಗಿ ಹೇಳಬೇಕಿದೆ. ಎರಡು ವಾರ ಮುಖ ಹೊಳೆಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ರಕ್ತನಾಳ ಎದ್ದು ಕಂಡು, ಐದು ನಿಮಿಷದ ಬಿಸಿಲಿಗೂ ಮುಖ ಉರಿಯುವ ಹಾಗಾಗುತ್ತದೆ. ಬಿಟ್ಟರೆ ಬಂಗು ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ.

ಕಣ್ಣಿಗೆ ಯುವಿ 400 ಎಂದು ನಮೂದಿಸಿದ ಕನ್ನಡಕ ಹಾಕಿ. ಬರೀ ಕಪ್ಪು ಬಣ್ಣ ಬಳಿದ ಅಗ್ಗದ ಕನ್ನಡಕದ ಹಿಂದೆ ಕಣ್ಣಿನ ಪಾಪೆ ಅಗಲವಾಗಿ ತೆರೆದು ಒಳಕ್ಕೆ ಹೆಚ್ಚು ನೇರಳಾತೀತ ಹೋಗುತ್ತದೆ. ವರ್ಷಗಟ್ಟಲೆಯ ಬಿಸಿಲು ಮಸೂರವನ್ನು ಕಂದಿಸಿ ಪೊರೆ ಬೇಗ ತರುತ್ತದೆ, ದೂಳು ಗಾಳಿ ಜೊತೆಯಾದರೆ ಬಿಳಿಗುಡ್ಡೆಯ ಮೇಲೆ ಮಾಂಸ ಬೆಳೆಯುತ್ತದೆ.

ಸುಟ್ಟ ಚರ್ಮಕ್ಕೆ 10ರಿಂದ 15 ನಿಮಿಷ ತಣ್ಣೀರು ಹರಿಸಿ, ಆಮೇಲೆ ಲೋಳೆಸರದ ತಿರುಳು ಅಥವಾ ಕ್ಯಾಲಮೈನ್ ಹಚ್ಚಿ. ಐಸ್, ಟೂತ್‌ಪೇಸ್ಟ್ ಬೇಡ. ಬೊಬ್ಬೆ ಒಡೆಯಬೇಡಿ. ಜ್ವರ ಬಂದರೆ ಆಸ್ಪತ್ರೆಗೆ. ನಾಲ್ಕು ವಾರವಾದರೂ ಮಾಯದ ಹುಣ್ಣು, ಕೆಳತುಟಿಯ ಮೇಲೆ ಗಟ್ಟಿಯಾದ ಚಕ್ಕೆ, ಆಕಾರ ಬಣ್ಣ ಬದಲಿಸುತ್ತಿರುವ ಮಚ್ಚೆ ಕಂಡರೆ ತೋರಿಸಿ. ನಮ್ಮ ಬಣ್ಣದವರಲ್ಲಿ ಚರ್ಮದ ಕ್ಯಾನ್ಸರ್ ಅಪರೂಪ, ಹಾಗಾಗಿಯೇ ತಡವಾಗಿ ಗೊತ್ತಾಗುತ್ತದೆ.

ಝಳದ ಹೊಡೆತ ಬೇರೆ

ನೇರಳಾತೀತ ಚರ್ಮ ಸುಟ್ಟರೆ ಝಳ ಇಡೀ ದೇಹವನ್ನೇ ಕೆಡಿಸುತ್ತದೆ, ನೆರಳಿನಲ್ಲೂ ಬಿಡುವುದಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿ ಮುಂದೆ ನಿಲ್ಲುವವರಿಗೆ ಏಪ್ರಿಲ್‌ನಲ್ಲಿ ಎರಡು ಕಡೆಯಿಂದ ಶಾಖ. ಬಾಯಾರಿಕೆಗೆ ಕಾಯದೆ 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು, ನಡುನಡುವೆ ಉಪ್ಪು ಹಾಕಿದ ಮಜ್ಜಿಗೆ. ಬೆವರು ವಿಪರೀತವಾದಾಗ 1 ಲೀಟರ್ ನೀರಿಗೆ 6 ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿಕೊಳ್ಳಿ. ಊರಿಂದ ಹೊಸದಾಗಿ ಕೆಲಸಕ್ಕೆ ಬಂದವರಿಗೆ ಶಾಖ ಒಗ್ಗಲು ಒಂದೆರಡು ವಾರ ಬೇಕು, ಮೊದಲ ದಿನವೇ ಪೂರ್ತಿ ಪಾಳಿ ಹಾಕಬೇಡಿ. ದುರ್ಗದ ಕೋಟೆ ಹತ್ತುವವರು ಮಾರ್ಚ್‌ನಿಂದ ಮೇವರೆಗೆ ಬೆಳಗಿನ ತಂಪಿನಲ್ಲೇ ಹೊರಟು 10ರೊಳಗೆ ಇಳಿಯಿರಿ. ಅಲ್ಲಿನ ಬಂಡೆ ಹಗಲೆಲ್ಲ ಕುಡಿದ ಶಾಖವನ್ನು ಸಂಜೆಯವರೆಗೂ ಉಗುಳುತ್ತಿರುತ್ತದೆ.

ಮೈ ಕೆಂಡದಂತಾಗಿ ಮಾತು ತಡವರಿಸಿದರೆ, ಗೊಂದಲವಾದರೆ, ಎಚ್ಚರ ತಪ್ಪಿದರೆ ಅದು ಹೀಟ್ ಸ್ಟ್ರೋಕ್. 108ಕ್ಕೆ ಕರೆ ಮಾಡಿ. ಗಾಡಿ ಬರುವವರೆಗೆ ಕಾಯದೆ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು ಜೋರಾಗಿ ಗಾಳಿ ಬೀಸಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಪ್ಯಾರಾಸಿಟಮಾಲ್ ಈ ಶಾಖಕ್ಕೆ ಕೆಲಸ ಮಾಡುವುದಿಲ್ಲ.

ಪರೀಕ್ಷೆ, ಪುಡಿ, ನೀರು

ಎಲ್ಲರೂ ವಿಟಮಿನ್ ಡಿ ಪರೀಕ್ಷೆ ಮಾಡಿಸುವ ಅಗತ್ಯವಿಲ್ಲ. ಸೊಂಟ, ಪಕ್ಕೆಲುಬು, ಮೊಣಕಾಲಿನ ಕೆಳಮೂಳೆ ಒತ್ತಿದರೆ ನೋವು, ನೆಲದಿಂದ ಏಳಲು ಕೈ ಊರಬೇಕಾಗುವುದು, ಮಕ್ಕಳ ಕಾಲು ಬಾಗುವುದು, ವಯಸ್ಸಾದವರು ಪದೇಪದೇ ಬೀಳುವುದು ಇದ್ದರೆ ಮಾಡಿಸಿ. ವರದಿಯಲ್ಲಿ ನೋಡಬೇಕಾದ್ದು 25-ಹೈಡ್ರಾಕ್ಸಿ ವಿಟಮಿನ್ ಡಿ. 1 ಮಿ.ಲೀ.ಗೆ 20 ನ್ಯಾನೋಗ್ರಾಂಗಿಂತ ಕಡಿಮೆಯಾದರೆ ಕೊರತೆ, 12ಕ್ಕಿಂತ ಕೆಳಗಿಳಿದರೆ ತೀವ್ರ. 20ರಿಂದ 30ರ ನಡುವಿನ ಅಂಕಿಗೆ ಹೆದರಬೇಡಿ, ಅದು ಸಾಕೋ ಸಾಲದೋ ಎಂಬ ಬಗ್ಗೆ ತಜ್ಞರಲ್ಲೇ ಎರಡು ಮಾತಿದೆ.

ವೈದ್ಯರು ಸಾಮಾನ್ಯವಾಗಿ ಬರೆಯುವುದು 60,000 ಐಯು ಪುಡಿ, ವಾರಕ್ಕೊಂದರಂತೆ 8 ವಾರ. ಊಟವಾದ ಮೇಲೆ ಹಾಲಿನಲ್ಲಿ ಕುಡಿದರೆ ಚೆನ್ನಾಗಿ ಹಿಡಿಯುತ್ತದೆ. ಇಲ್ಲಿ ಆಗುವ ಅನಾಹುತ ಒಂದೇ: ವಾರಕ್ಕೊಂದು ಎಂದದ್ದನ್ನು ದಿನಕ್ಕೊಂದು ಎಂದು ತಿಳಿಯುವುದು, ಇಲ್ಲವೇ 8 ವಾರ ಮುಗಿದರೂ ‘ಶಕ್ತಿಗೆ’ ಎಂದು ಮುಂದುವರಿಸುವುದು, ಜೊತೆಗೆ ಕೀಲುನೋವಿಗೆಂದು ಡಿ ಇಂಜೆಕ್ಷನ್ನನ್ನೂ ಪದೇಪದೇ ಹಾಕಿಸಿಕೊಳ್ಳುವುದು. ಬಿಸಿಲಿನಿಂದ ಬಾರದ ವಿಷ ಪುಡಿಯಿಂದ ಬರುತ್ತದೆ. ರಕ್ತದಲ್ಲಿ ಸುಣ್ಣ ಏರಿ ವಾಂತಿ, ಮಲಬದ್ಧತೆ, ತೀರದ ಬಾಯಾರಿಕೆ, ಪದೇಪದೇ ಮೂತ್ರ, ಕೊನೆಗೆ ಮೂತ್ರಪಿಂಡಕ್ಕೆ ಏಟು. ಈ ಲಕ್ಷಣ ಕಂಡರೆ ಪುಡಿ ನಿಲ್ಲಿಸಿ ಅಂದೇ ವೈದ್ಯರನ್ನು ನೋಡಿ.

ಡಿ ಇದ್ದು ಸುಣ್ಣದಂಶ ಇಲ್ಲದಿದ್ದರೆ ಮೂಳೆಗೆ ಪ್ರಯೋಜನವಿಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿ.ಗ್ರಾಂ ಸುಣ್ಣದಂಶ ಇದೆ, ಮುದ್ದೆ ತಿನ್ನುವ ದುರ್ಗದವರಿಗೆ ಇದು ದೊಡ್ಡ ಆಸ್ತಿ. ರೊಟ್ಟಿ ತಿನ್ನುವವರು ಎಳ್ಳಿನ ಚಟ್ನಿಪುಡಿ, ನುಗ್ಗೆಸೊಪ್ಪು, ಮೊಸರು ಸೇರಿಸಿಕೊಳ್ಳಲಿ. ಪೊಟ್ಟಣದ ಮೇಲೆ +F ಗುರುತಿರುವ ಹಾಲಿಗೆ ಡಿ ಬೆರೆಸಿರುತ್ತಾರೆ, ಆದರೆ ಒಂದು ಲೋಟದಲ್ಲಿ ಸಿಗುವುದು 40ರಿಂದ 60 ಐಯು ಮಾತ್ರ. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 600.

ಕೊನೆಯದಾಗಿ ನಮ್ಮ ಜಿಲ್ಲೆಗಳಿಗೇ ಸೇರಿದ ಒಂದು ವಿಷಯ. ಮೂಳೆ ಕೀಲು ನೋವೆಲ್ಲ ವಿಟಮಿನ್ ಡಿ ಕೊರತೆಯಲ್ಲ. ಇಲ್ಲಿನ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಅದು ಮೊದಲು ಹಲ್ಲಿಗೆ ಕಂದು ಪಟ್ಟೆ ತರುತ್ತದೆ, ಆಮೇಲೆ ಬೆನ್ನು ಕುತ್ತಿಗೆ ಬಿಗಿದು ಬಾಗದಂತೆ ಮಾಡುತ್ತದೆ. ಸುಣ್ಣದಂಶ ಕಡಿಮೆಯಿದ್ದರೆ ಫ್ಲೋರೈಡಿನ ಹಾವಳಿ ಇನ್ನೂ ಜೋರು. ಎಷ್ಟು ಬಿಸಿಲು ಕಾಯಿಸಿದರೂ, ಎಷ್ಟು ಪುಡಿ ಕುಡಿದರೂ ಆ ನೀರು ನಿಲ್ಲಿಸದೆ ಈ ನೋವು ಇಳಿಯುವುದಿಲ್ಲ. ಮನೆಮಂದಿಯಲ್ಲಿ ಇಬ್ಬರು ಮೂವರಿಗೆ ಇಂಥ ನೋವಿದ್ದು ಮಕ್ಕಳ ಹಲ್ಲಿನಲ್ಲಿ ಪಟ್ಟೆ ಕಂಡರೆ, ಒಂದು ಲೀಟರ್ ಕುಡಿಯುವ ನೀರನ್ನು ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಕೊಡಿ. ಗ್ರಾಮ ಪಂಚಾಯಿತಿಯಲ್ಲಿ ಕೇಳಿದರೆ ದಾರಿ ತಿಳಿಯುತ್ತದೆ. ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಚಿಂತೆಯಿಲ್ಲ. 1.5 ಮಿ.ಗ್ರಾಂ ದಾಟಿದ್ದರೆ ಕುಡಿಯಲು, ಅಡುಗೆಗೆ ಶುದ್ಧ ಘಟಕದ ನೀರನ್ನೇ ತನ್ನಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಇನ್ನೂ ಗಟ್ಟಿಯಾಗುತ್ತದೆ.